ಶೆಲ್ಟರ್ ನಾಯಿಗಳ ಹಬ್ಬಕ್ಕೆ ಕಾಂಗ್: ಉಡುಗೊರೆ ಒಳ್ಳೆಯದೇ, ಜೊತೆಗೆ ಬ್ರಷ್ಷೂ ಕೊಡಿ

ಹಬ್ಬ ಹತ್ತಿರವಾದಂತೆ ನಾಯಿ ಶೆಲ್ಟರ್‌ಗಳ ಬಾಗಿಲಿಗೆ ಚೀಲಗಟ್ಟಲೆ ಉಡುಗೊರೆ ಬರತೊಡಗುತ್ತದೆ. ಒತ್ತಿದರೆ ಕೀಚ್ ಎನ್ನುವ ಬಟ್ಟೆ ಗೊಂಬೆ, ಹಗ್ಗದ ಗಂಟು, ಟೆನಿಸ್ ಚೆಂಡು, ಒಣಚರ್ಮದ ಎಲುಬು, ಟೋಪಿ, ಅಂಗಿ. ಹೆಚ್ಚಿನವು ಕೊಡುವವರ ಕಣ್ಣಿಗೆ ಚೆಂದ, ಅಷ್ಟೆ. ಆ ರಾಶಿಯಲ್ಲಿ ಹಬ್ಬದ ದಿನ ನಿಜವಾಗಿ ಕೆಲಸಕ್ಕೆ ಬರುವ ವಸ್ತು ಯಾವುದೆಂದರೆ ಕಾಂಗ್ ಕ್ಲಾಸಿಕ್: ಮೂರು ಉಂಡೆ ಒಂದರ ಮೇಲೊಂದು ಕೂತಂತೆ ಕಾಣುವ, ಒಳಗೆ ಟೊಳ್ಳಾದ ಕೆಂಪು ರಬ್ಬರ್ ಆಟಿಕೆ. ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕ್‌ಹ್ಯಾಮ್ ಎಂಬಾತ ಇದರ ಕಂಪನಿ ಕಟ್ಟಿದ್ದು 1976ರಲ್ಲಿ. ಸಿಕ್ಕಿದ ಕಲ್ಲನ್ನೆಲ್ಲ ಕಡಿಯುತ್ತಿದ್ದ ಅವನ ಜರ್ಮನ್ ಶೆಫರ್ಡ್ ನಾಯಿ, ಫೋಕ್ಸ್‌ವ್ಯಾಗನ್ ವ್ಯಾನಿನ ಸಸ್ಪೆನ್ಷನ್‌ನ ರಬ್ಬರ್ ಬಿಡಿಭಾಗ ಸಿಕ್ಕ ಮೇಲೆ ಅದನ್ನು ಬಿಡಲಿಲ್ಲವಂತೆ. ಆಕಾರ ಇವತ್ತಿಗೂ ಹೆಚ್ಚುಕಡಿಮೆ ಅದೇ.

ಹಬ್ಬದ ದಿನ ಶೆಲ್ಟರ್‌ನಲ್ಲಿ ಕೆಡುವುದು ಮೊದಲು ದಿನಚರಿ. ಕೆಲಸದವರು ಕಡಿಮೆ, ವಾಕಿಂಗ್ ತಡ, ಗೊತ್ತಿಲ್ಲದ ಮುಖಗಳು ಜಾಸ್ತಿ, ಕತ್ತಲಾದರೆ ಪಟಾಕಿ. ಸಾಲಾಗಿರುವ ಕೆನೆಲ್‌ಗಳಲ್ಲಿ, ಅಂದರೆ ನಾಯಿಗೂಡುಗಳಲ್ಲಿ, ಒಂದು ನಾಯಿ ಬೊಗಳಿದರೆ ಎಲ್ಲವೂ ಬೊಗಳುತ್ತವೆ. ಒಳಗಿನ ಸದ್ದು 100 ಡೆಸಿಬಲ್ ದಾಟುವುದು ಅಪರೂಪವೇನಲ್ಲ. ಇಂಥ ಹೊತ್ತಿನಲ್ಲಿ ನಾಯಿಗೆ ಬೇಕಾದದ್ದು ತನ್ನ ಜಾಗದಲ್ಲೇ ಕೂತು, ಯಾರ ತಂಟೆಯೂ ಇಲ್ಲದೆ ನೆಕ್ಕುವ ಕೆಲಸ. ಊಟ ತುಂಬಿ ಹೆಪ್ಪುಗಟ್ಟಿಸಿದ ಕಾಂಗ್ ನಾಯಿಯ ಚಾಳಿ ನೋಡಿಕೊಂಡು ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ ಆ ಕೆಲಸ ಕೊಡುತ್ತದೆ. ಬಟ್ಟೆ ಗೊಂಬೆಯ ಆಯುಸ್ಸು ಅದರ ಹೊಟ್ಟೆ ಹರಿಯುವವರೆಗೆ ಮಾತ್ರ.

ಬಣ್ಣ ಅಲಂಕಾರಕ್ಕಲ್ಲ, ರಬ್ಬರಿನ ಗಟ್ಟಿತನದ ಗುರುತು. ಕೆಂಪು ಸಾಮಾನ್ಯ ನಾಯಿಗೆ, ಕಪ್ಪು ಜೋರಾಗಿ ಕಡಿಯುವ ನಾಯಿಗೆ, ತಿಳಿ ಗುಲಾಬಿ ಮತ್ತು ತಿಳಿ ನೀಲಿ ಮರಿಗಳಿಗೆ, ನೇರಳೆ ವಯಸ್ಸಾದ, ಹಲ್ಲು ಸವೆದ ನಾಯಿಗೆ. ಅಳತೆ ತೂಕದ ಮೇಲೆ: ಸ್ಮಾಲ್ 9 ಕಿಲೋವರೆಗೆ, ಮೀಡಿಯಂ 7ರಿಂದ 16, ಲಾರ್ಜ್ 13ರಿಂದ 30, ಎಕ್ಸ್‌ಟ್ರಾ ಲಾರ್ಜ್ 27ರಿಂದ 41 ಕಿಲೋ. ಎರಡು ಅಳತೆಗಳ ನಡುವೆ ಬೀಳುವ ನಾಯಿಗೆ ಯಾವತ್ತೂ ದೊಡ್ಡದನ್ನೇ ಕೊಡಿ. ದಾನಿಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಚಿಕ್ಕದು ಅಗ್ಗ ಎಂದು ಸ್ಮಾಲ್ ಕಾಂಗ್‌ಗಳನ್ನು ರಾಶಿ ತರುತ್ತಾರೆ. ಶೆಲ್ಟರ್‌ನಲ್ಲಿರುವುದು ಬಹುತೇಕ ಮಧ್ಯಮ, ದೊಡ್ಡ ನಾಯಿಗಳಾದರೆ ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಸರಕೇ ಹೊರತು ಉಡುಗೊರೆಯಲ್ಲ. ಕೊಳ್ಳುವ ಮುಂಚೆ ಶೆಲ್ಟರ್‌ಗೆ ಒಂದು ಫೋನ್ ಮಾಡಿ ಅಳತೆ ಕೇಳಿ.

ಇನ್ನು ತುಂಬುವ ವಿಚಾರ. ಡಬ್ಬದ ಚಿತ್ರದಲ್ಲಿ ಪೀನಟ್ ಬಟರ್ ಉಕ್ಕಿ ಹರಿಯುತ್ತಿರುತ್ತದೆ, ಅದನ್ನು ನಂಬಿಕೊಂಡರೆ ಮಾರನೆಯ ದಿನ ಇಡೀ ಸಾಲು ಭೇದಿ. 20 ಕಿಲೋ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,000 ಕ್ಯಾಲೊರಿ ಸಾಕು. ತಿಂಡಿತೀರ್ಥ ಎಲ್ಲ ಸೇರಿ ಅದರ ಹತ್ತನೇ ಒಂದು ಭಾಗ ಮೀರಬಾರದು. ಒಂದು ದೊಡ್ಡ ಚಮಚ ಪೀನಟ್ ಬಟರ್ ಅಂದರೇ ಸುಮಾರು 95 ಕ್ಯಾಲೊರಿ. ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ಆದ್ದರಿಂದ ಕಾಂಗ್ ಒಳಗೆ ಹೋಗಬೇಕಾದದ್ದು ಆ ನಾಯಿ ದಿನಾ ತಿನ್ನುವ ಒಣ ಆಹಾರವೇ, ಅದೂ ಆ ದಿನದ ಪಾಲಿನಿಂದ ತೆಗೆದದ್ದು. ಹೊಸ ರುಚಿ ಬೇಕೇ ಬೇಕು ಎನ್ನುವವರು ಕಾಂಗ್‌ನ ಬಾಯಂಚಿಗೆ ಏನೂ ಬೆರೆಸದ ಬೆಂದ ಕುಂಬಳಕಾಯಿಯನ್ನು ಒಂದು ಚಮಚ ಸವರಲಿ.

ಒಣ ಆಹಾರಕ್ಕೆ ಸಮ ಅಳತೆಯ ಬೆಚ್ಚನೆಯ ನೀರು ಹಾಕಿ ಅರ್ಧ ಗಂಟೆ ಬಿಡಿ. ಉಬ್ಬಿದ ಮೇಲೆ ಚಮಚದ ಬೆನ್ನಲ್ಲಿ ಒರಟಾಗಿ ಅಮುಕಿ. ನುಣ್ಣಗೆ ರುಬ್ಬಿದರೆ ಹೆಪ್ಪುಗಟ್ಟಿದಾಗ ಇಟ್ಟಿಗೆಯಾಗುತ್ತದೆ. ಚಿಕ್ಕ ತೂತು ಕೆಳಗೆ ಬರುವಂತೆ ಕಾಂಗ್ ಅನ್ನು ಲೋಟದಲ್ಲಿ ನಿಲ್ಲಿಸಿ, ಎರಡೂ ತೂತುಗಳ ಮೂಲಕ ಹಾಯುವಂತೆ ಒಂದು ಸ್ಟ್ರಾ ತೂರಿಸಿ, ಸುತ್ತ ಸಡಿಲವಾಗಿ ತುಂಬಿ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ. ಕೆಳಗಿನಿಂದ ಸೋರಿದರೆ ನೀರು ಹೆಚ್ಚಾಗಿದೆ ಎಂದರ್ಥ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಕೊಡುವ ಮುಂಚೆ ಸ್ಟ್ರಾ ಮರೆಯದೆ ಎಳೆದು ತೆಗೆಯಿರಿ. ಈ ಸ್ಟ್ರಾ ಉಪಚಾರ ಏಕೆಂದರೆ, ಗಾಳಿಯಾಡದ ಟೊಳ್ಳಿನೊಳಗೆ ನಾಲಿಗೆ ಹಾಕಿ ಹೀರಿದಾಗ ನಿರ್ವಾತ ಉಂಟಾಗಿ ನಾಲಿಗೆಯೇ ಸಿಕ್ಕಿಬೀಳಬಹುದು, ಬಾತುಕೊಳ್ಳಬಹುದು. ಕಾಂಗ್‌ಗೆ ಎರಡನೇ ತೂತು ಇರುವುದು ದೊಡ್ಡ ಗುಣ. ಅದನ್ನು ನಾವೇ ಊಟ ಜಡಿದು ಮುಚ್ಚಿದರೆ ಆ ಗುಣಕ್ಕೆ ಅರ್ಥವಿಲ್ಲ. ಒಂದೇ ತೂತಿನ ಟೊಳ್ಳು ಚೆಂಡುಗಳನ್ನು ಯಾರಾದರೂ ಕೊಟ್ಟರೆ ನಯವಾಗಿ ವಾಪಸ್ ಕಳಿಸಿ.

ಪೀನಟ್ ಬಟರ್ ಬಳಸುವುದೇ ಆದರೆ ಲೇಬಲ್ ಓದದೆ ಡಬ್ಬ ತೆರೆಯಬೇಡಿ. ಕೆಲವು ಬಗೆಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ, ಬರ್ಚ್ ಶುಗರ್ ಎಂಬ ಹೆಸರಲ್ಲಿ ಅಡಗಿರುವುದೂ ಉಂಟು. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು, ನಾಯಿಯ ರಕ್ತದ ಸಕ್ಕರೆ ಕುಸಿಯುತ್ತದೆ. ಅಂದರೆ 10 ಕಿಲೋ ನಾಯಿಗೆ ಒಂದೇ ಗ್ರಾಂ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ ಯಾವುದೂ ಬೇಡ. ಹಬ್ಬದ ಊಟ ಉಳಿದಿದೆ ಎಂದು ಡಬ್ಬಿ ಹಿಡಿದು ಬರುವವರಿಗೆ ಗೇಟಿನಲ್ಲೇ ಹೇಳುವುದು ಕ್ಷೇಮ.

ಹೆಪ್ಪುಗಟ್ಟಿದ ಕಾಂಗ್ ಎಲ್ಲ ನಾಯಿಗೂ ಮೊದಲ ದಿನವೇ ಅರ್ಥವಾಗುವುದಿಲ್ಲ. ಬೀದಿಯಿಂದ ಬಂದ ನಾಯಿಗೆ ಅದು ಬರೀ ರಬ್ಬರ್ ಉಂಡೆ. ಎರಡು ಸಲ ನೆಕ್ಕಿ ಬಿಟ್ಟುಬಿಡುತ್ತದೆ, ಇಲ್ಲವೇ ಸಿಟ್ಟಿನಿಂದ ರಬ್ಬರನ್ನೇ ಕಿತ್ತು ತಿನ್ನುತ್ತದೆ. ಹಬ್ಬಕ್ಕೆ ಒಂದು ವಾರ ಮೊದಲೇ ಒಣ ಕಾಳನ್ನು ಉರುಳಿದರೆ ಉದುರುವಂತೆ ಸಡಿಲವಾಗಿ ಹಾಕಿ ಕೊಡಿ, ಆಮೇಲೆ ನೆನೆಸಿದ್ದು, ಕೊನೆಗೆ ಹೆಪ್ಪುಗಟ್ಟಿದ್ದು. ಈ ಮೆಟ್ಟಿಲು ಹಾರಿಸಿದವರೇ ಕಾಂಗ್ ದಂಡ ಎನ್ನುವವರು.

ಹಂಚುವುದಕ್ಕೂ ಒಂದು ಕ್ರಮವಿದೆ. ಸಾಲಿನ ಒಂದು ತುದಿಯಿಂದ ಒಬ್ಬರೇ ಹೊರಟರೆ ಕೊನೆಯ ಕೆನೆಲ್ ತಲುಪುವಷ್ಟರಲ್ಲಿ ಅಲ್ಲಿನ ನಾಯಿ ಬಾಗಿಲು ಕಡಿಯುತ್ತಿರುತ್ತದೆ. ಇಬ್ಬರು ಎರಡು ತುದಿಗಳಿಂದ ಶುರುಮಾಡಿ ಮಧ್ಯದಲ್ಲಿ ಸೇರಲಿ. ಸಂದರ್ಶಕರು ಬರುವ ಹೊತ್ತಿಗೆ ಒಂದು ಸುತ್ತು, ಪಟಾಕಿ ಶುರುವಾಗುವ ಅರ್ಧ ಗಂಟೆ ಮೊದಲು ಇನ್ನೊಂದು. ಸದ್ದು ಶುರುವಾದ ಮೇಲೆ ಕೊಟ್ಟರೆ ಹೆದರಿದ ನಾಯಿ ಮೂಸಿಯೂ ನೋಡುವುದಿಲ್ಲ. ಹಾಗೆ ಊಟ ಬಿಟ್ಟು ಮೂಲೆ ಸೇರಿದ ನಾಯಿಯನ್ನು ಗುರುತು ಹಾಕಿಕೊಂಡು ಒಳಗಿನ ನಿಶ್ಶಬ್ದ ಕೋಣೆಗೆ ಸಾಗಿಸಿ. ಜೋಡಿಯಾಗಿರುವ ನಾಯಿಗಳನ್ನು ಬೇರೆ ಮಾಡದೆ ಕೊಡಲೇಬಾರದು. ಎಷ್ಟೇ ಸ್ನೇಹವಿರಲಿ, ಹೆಪ್ಪುಗಟ್ಟಿದ ಊಟದ ಮುಂದೆ ಅದು ನಿಲ್ಲುವುದಿಲ್ಲ. ವಾಪಸ್ ತೆಗೆಯುವಾಗ ಕೈ ಹಾಕಿ ಕಸಿಯಬೇಡಿ, ದೂರಕ್ಕೆ ನಾಲ್ಕು ಕಾಳು ಎಸೆದು ನಾಯಿ ಅತ್ತ ಹೋದಾಗ ಎತ್ತಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಉಪವಾಸ ಇರುವ ನಾಯಿ, ಮೇದೋಜೀರಕ ಗ್ರಂಥಿಯ ಉರಿಯೂತ ಇರುವ ನಾಯಿ, ವಿಶೇಷ ಪಥ್ಯದ ನಾಯಿ ಇವುಗಳ ಕೆನೆಲ್ ಬಾಗಿಲಿಗೆ ಕೆಂಪು ಚೀಟಿ ಮೊದಲೇ ಅಂಟಿರಬೇಕು.

ಕಾಂಗ್‌ನ ದೊಡ್ಡ ದೋಷ ತೊಳೆಯುವುದು. ಮೂರು ಉಂಡೆಗಳ ನಡುವಿನ ಕುತ್ತಿಗೆಯಲ್ಲಿ ಅಂಟಿದ ಆಹಾರ ಬೆರಳಿಗೂ ಬರುವುದಿಲ್ಲ, ನೀರಿನ ರಭಸಕ್ಕೂ ಜಗ್ಗುವುದಿಲ್ಲ. ಬಿಸಿ ಸಾಬೂನು ನೀರಿನಲ್ಲಿ ನೆನೆಸಿ, ಬಾಟಲಿ ತೊಳೆಯುವ ಬ್ರಷ್‌ನಿಂದ ಎರಡೂ ಕಡೆಯಿಂದ ತಿಕ್ಕಬೇಕು. ಡಿಶ್‌ವಾಷರ್ ಇದ್ದರೆ ಮೇಲಿನ ತಟ್ಟೆಯಲ್ಲಿ ಹಾಕಬಹುದು, ಆದರೂ ಒಳಗೊಮ್ಮೆ ಬ್ರಷ್ ಆಡಿಸಿಯೇ. ಸೋಂಕು ನಿವಾರಣೆ ಆಮೇಲಿನ ಕೆಲಸ: 32 ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಬ್ಲೀಚ್, ಅಂದರೆ ಲೀಟರಿಗೆ ಸುಮಾರು 30 ಮಿ.ಲೀ., ಅದರಲ್ಲಿ 10 ನಿಮಿಷ ಮುಳುಗಿಸಿ, ಆಮೇಲೆ ಚೆನ್ನಾಗಿ ನೀರಲ್ಲಿ ಜಾಲಿಸಿ ಒಣಗಿಸಬೇಕು. ಜಿಡ್ಡು, ಆಹಾರ ಉಳಿದಿದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ವೈರಸ್ ಬದುಕಿರುತ್ತದೆ. ಪಾರ್ವೊ ಎಂಬ, ಬೇಗ ಹರಡುವ ವೈರಸ್ ರೋಗದ ನಾಯಿಗಳಿರುವ ವಾರ್ಡಿಗೆ ಕಾಂಗ್ ಕೊಡಲೇಬೇಡಿ. ಅಲ್ಲಿಗೆ ರಟ್ಟಿನ ಡಬ್ಬಿಯೊಳಗೆ ನಾಲ್ಕು ಕಾಳು ಹಾಕಿ ಕೊಟ್ಟು, ಆದ ಮೇಲೆ ವೈದ್ಯಕೀಯ ಕಸಕ್ಕೆ ಹಾಕುವುದು ಲೇಸು.

ಮೂವತ್ತು ನಾಯಿಗಳಿಗೆ ಮೂವತ್ತು ಕಾಂಗ್ ಸಾಲದು, ಅರವತ್ತು ಬೇಕು: ಒಂದು ಸೆಟ್ ಬಾಯಲ್ಲಿ, ಇನ್ನೊಂದು ತೊಟ್ಟಿಯಲ್ಲೋ ಫ್ರೀಜರ್‌ನಲ್ಲೋ. ಫ್ರೀಜರ್ ಜಾಗ ಮೊದಲು ಅಳೆದುಕೊಳ್ಳಿ. ಲಸಿಕೆ ಇಡುವ ಫ್ರಿಜ್ಜಿಗೆ ಇವನ್ನು ತುರುಕುವುದು ಸಲ್ಲದು.

ಉಳಿದ ಉಡುಗೊರೆಗಳಿಗೆ ಇಷ್ಟು ಉದ್ದ ಬೇಕಿಲ್ಲ. ಸಿಲಿಕೋನ್ ನೆಕ್ಕು ತಟ್ಟೆ ತೊಳೆಯಲು ಕಾಂಗ್‌ಗಿಂತ ಸುಲಭ, ಹೆದರುವ ನಾಯಿಗೆ ಬೇಗ ಒಗ್ಗುತ್ತದೆ; ಆದರೆ ಅಂಚು ಕಡಿದು ನುಂಗುತ್ತವೆ, ಪಕ್ಕದಲ್ಲಿ ಜನ ಇದ್ದರೆ ಮಾತ್ರ. ಮೂಸಿ ಹುಡುಕುವ ಬಟ್ಟೆ ಚಾಪೆ ಮನೆಗೆ ಒಳ್ಳೆಯದು, ಶೆಲ್ಟರ್‌ಗೆ ಸೋಂಕಿನ ಗೂಡು. ಹಗ್ಗದ ಎಳೆ ನುಂಗಿದರೆ ಕರುಳು ಮಡಚಿಕೊಂಡು ಆಪರೇಷನ್ ಆಗುತ್ತದೆ, ಉಡುಗೊರೆಗೆ ಕಟ್ಟಿದ ರಿಬ್ಬನ್ನೂ ಅಷ್ಟೇ. ಜಿಂಕೆ ಕೊಂಬು, ಗಟ್ಟಿ ನೈಲಾನ್ ಎಲುಬು ಮೇಲಿನ ದೊಡ್ಡ ದವಡೆ ಹಲ್ಲನ್ನು ಸೀಳುತ್ತವೆ. ಉಗುರಿನಿಂದ ಒತ್ತಿದಾಗ ಗುರುತು ಮೂಡದ ವಸ್ತು ನಾಯಿಯ ಹಲ್ಲಿಗೆ ಬೇಡ. ಟೋಪಿ, ಅಂಗಿ ಫೋಟೋಗೆ. ಹೆದರಿ ಕಿವಿ ಹಿಂದೆ ಮಡಚಿ ತುಟಿ ನೆಕ್ಕಿಕೊಳ್ಳುತ್ತಿರುವ ನಾಯಿಯ ಫೋಟೋ ನೋಡಿ ದತ್ತು ಕೇಳಿಕೊಂಡು ಯಾರು ಬಂದಾರು?

ಸಂಜೆ ಎಣಿಸಿ ಕೊಟ್ಟದ್ದನ್ನು ರಾತ್ರಿ ಎಣಿಸಿಯೇ ವಾಪಸ್ ಪಡೆಯಬೇಕು. ಪ್ರತಿಯೊಂದನ್ನೂ ಹಿಂಡಿ ನೋಡಿ: ಬಾಯಂಚು ಸೀಳಿದ್ದರೆ, ರಬ್ಬರ್ ಅಂಟಂಟಾಗಿ ಬಿರುಕು ಬಿಟ್ಟಿದ್ದರೆ ಎಸೆಯಿರಿ. ಬ್ಲೀಚ್ ಪದೇಪದೇ ತಾಗಿದಂತೆ ಆ ಬಿರುಕು ಬಂದೇ ಬರುತ್ತದೆ. ತುಂಡು ಕಾಣೆಯಾಗಿದ್ದರೆ ಕೆನೆಲ್ ಸಂಖ್ಯೆ ಬರೆದಿಟ್ಟು ಪಶುವೈದ್ಯರಿಗೆ ಆಗಲೇ ತಿಳಿಸಿ, ಆ ನಾಯಿ ವಾಂತಿ ಮಾಡುತ್ತದೆಯೇ, ಬೆಳಿಗ್ಗೆ ಊಟ ಬಿಡುತ್ತದೆಯೇ, ಮಲ ಸರಿಯಾಗಿ ಹೋಗುತ್ತದೆಯೇ ಎಂದು ಎರಡು ಮೂರು ದಿನ ನಿಗಾ ಇಡಿ. ಮುಂದಿನ ಸಲ ಅದಕ್ಕೆ ಕಪ್ಪು ಕಾಂಗ್, ಒಂದು ಅಳತೆ ದೊಡ್ಡದು.