ಮಿನಿಯೇಚರ್‌ಗಳನ್ನು ಬಣ್ಣಕ್ಕೆ ಕೊಡುವವರೇ, ಡಬ್ಬಿ ಬಿಚ್ಚಿ ನೋಡದೆ ಬಾಕಿ ಹಣ ಕೊಡಬೇಡಿ

ಮೈಸೂರು, ಮಂಡ್ಯದ ಕಡೆ ಟೇಬಲ್‌ಟಾಪ್ ಆಟದ ಮಿನಿಯೇಚರ್‌ಗಳಿಗೆ (ಮೇಜಿನ ಮೇಲಿನ ಆಟಗಳಲ್ಲಿ ಬಳಸುವ ಪುಟ್ಟ ಬೊಂಬೆಗಳಿಗೆ) ಬಣ್ಣ ಹಚ್ಚುವ ಹವ್ಯಾಸ ಇಟ್ಟುಕೊಂಡವರಲ್ಲಿ ಒಬ್ಬರಾದರೂ ಇದನ್ನು ಓದಿ ಮೋಸದಿಂದ ಪಾರಾಗಲಿ ಎಂದು ಬರೆಯುತ್ತಿದ್ದೇನೆ. ನನ್ನಿಂದ 15,600 ರೂಪಾಯಿ ಪಡೆದು, ನಾನು ಕೊಟ್ಟ 24 ಬೊಂಬೆಗಳಲ್ಲಿ ಹೆಚ್ಚಿನವನ್ನು ಹಾಳು ಮಾಡಿದ ಮಂಡ್ಯದ ಆ ವ್ಯಕ್ತಿ ಈಗಲೂ ಹೊಸ ಕೆಲಸ ಒಪ್ಪಿಕೊಳ್ಳುತ್ತಿದ್ದಾನೆ. ಅವನ ಹೆಸರು ಹಾಕುವುದಿಲ್ಲ. ನಡೆದದ್ದನ್ನು ಮಾತ್ರ ಬಿಡದೆ ಹೇಳುತ್ತೇನೆ.

ನಾನು ಈ ಕೆಲಸಕ್ಕೆ ಹೊಸಬನಲ್ಲ. ಆರು ವರ್ಷಗಳಿಂದ ನನ್ನ ಬೊಂಬೆಗಳಿಗೆ ನಾನೇ ಬಣ್ಣ ಹಚ್ಚುತ್ತಿದ್ದೇನೆ, ಆದ್ದರಿಂದಲೇ ನಾಚಿಕೆ ಹೆಚ್ಚು. ನಾನು ಕೊಟ್ಟದ್ದು 28 ಮಿಲಿಮೀಟರ್ ಅಳತೆಯ ಅಸ್ಥಿಪಂಜರ ಸೈನಿಕರನ್ನು. ಎಲ್ಲವೂ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನವು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದವು. ಕೊರಿಯರ್ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಕಟ್ಟಿ ಮೂರು ವರ್ಷಗಳಲ್ಲಿ ಒಂದೊಂದೇ ಪೆಟ್ಟಿಗೆಯಾಗಿ ತರಿಸಿಕೊಂಡವು. ದಸರಾ ಬೊಂಬೆ ಕೂರಿಸುವಾಗ ಕೊನೆಯ ಮೆಟ್ಟಿಲು ಈ ಸೈನ್ಯಕ್ಕೇ ಬೇಕು ಎಂದು ಮಗಳು ಬೇಸಿಗೆ ರಜೆಯಲ್ಲೇ ಹೇಳಿಟ್ಟಿದ್ದಳು. ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆ, ಕಚೇರಿಯ ಕೆಲಸ ಎಂದು ಯುಗಾದಿಯ ನಂತರ ನಾನು ಕುಂಚ ಮುಟ್ಟಿಯೇ ಇರಲಿಲ್ಲ. ಹಾಗಾಗಿ ಮೊದಲ ಸಲ ಹೊರಗೆ ಕೊಟ್ಟೆ.

ಮಂಡ್ಯಕ್ಕೆ ಹೋಗಿ ಅವನ ಕೆಲಸವನ್ನು ಕಣ್ಣಾರೆ ನೋಡಿದೆ. ಅವನು ತೋರಿಸಿದ ಮೂರು ಅಶ್ವಾರೋಹಿಗಳ ಕಣ್ಣುಗುಡ್ಡೆ ಚುಕ್ಕಿಯಷ್ಟು ಸ್ಪಷ್ಟವಾಗಿದ್ದವು, ಮೇಲಂಗಿಯ ಮಡಿಕೆಗಳಲ್ಲಿ ಕಡುಗೆಂಪು ಬಣ್ಣ ತಿಳಿಗೆಂಪಿಗೆ ತಿರುಗುವಲ್ಲಿ ಕುಂಚದ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಮೇಜಿನ ಮೇಲೆ ವಲ್ಲೆಹೊ ಕಂಪನಿಯ ಬಣ್ಣದ 17 ಮಿಲಿಲೀಟರ್ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದ. ಬೊಂಬೆಯೊಂದಕ್ಕೆ 650 ರೂಪಾಯಿ, ಮುಂಗಡ 8,000, ಬಾಕಿ 7,600 ಕೆಲಸ ಒಪ್ಪಿಸಿದಾಗ, ಗಡುವು ಎಂಟು ವಾರ ಎಂದು ಮಾತಾಯಿತು. ಒಂದು ಸಂಗತಿಯನ್ನು ನಾನು ಎರಡೆರಡು ಸಲ ಹೇಳಿದೆ: ಇವುಗಳಲ್ಲಿ ಒಂಬತ್ತಕ್ಕೆ ಈಗಾಗಲೇ ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ಅಡಿಲೇಪ) ಮತ್ತು ಬೇಸ್‌ಕೋಟ್ (ಮೊದಲ ಸುತ್ತಿನ ಬಣ್ಣ) ನಾನೇ ಹಾಕಿದ್ದೇನೆ, ಅದರ ಮೇಲೆಯೇ ಮುಂದುವರಿಸಿ, ಆ ಬಣ್ಣ ತೆಗೆಯಲೇಬೇಕೆಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಬೇರೇನನ್ನೂ ಮುಟ್ಟಿಸಬೇಡಿ. ಅದಕ್ಕೆ ಅವನು, "ಸಾರ್, ಪ್ಲಾಸ್ಟಿಕ್ ವಿಷ್ಯ ನಂಗೆ ಹೇಳ್ಕೊಡ್ಬೇಕಾ?" ಎಂದ. ಕೆಲಸ ಬಲ್ಲವನ ಮಾತೆಂದು ನಂಬಿದೆ.

ಐದನೇ ವಾರದಲ್ಲಿ ಒಂದು ಫೋಟೊ ಬಂತು. ಅದರಲ್ಲಿದ್ದದ್ದು ಸೈನ್ಯದ ಬಾವುಟ ಹಿಡಿದ ಬೊಂಬೆ. ಮೂಳೆಗಳ ಸಂದಿಯಲ್ಲಿ ಕಂದು ವಾಶ್ (ಸಂದಿಗಳಿಗೆ ನೆರಳು ಕೊಡುವ ತೆಳು ಬಣ್ಣ) ಹದವಾಗಿ ಇಳಿದಿತ್ತು, ಬಾವುಟದ ಹರಿದ ಅಂಚಿನವರೆಗೂ ಕೆಲಸ ಅಚ್ಚುಕಟ್ಟಾಗಿತ್ತು. ಮಗಳಿಗೆ ತೋರಿಸಿದೆ, ಅವನಿಗೆ ಧನ್ಯವಾದ ಬರೆದು ಕಳಿಸಿದೆ. ಆ ಫೋಟೊದ ವಿಷಯಕ್ಕೆ ಮತ್ತೆ ಬರುತ್ತೇನೆ.

ನವರಾತ್ರಿಗೆ ನಾಲ್ಕು ದಿನ ಇರುವಾಗ ಸಂಜೆ ಆರೂವರೆಗೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಎರಡು ಡಬ್ಬಿಗಳನ್ನು ಕೈಗಿತ್ತ. ಒಂದೊಂದು ಬೊಂಬೆಯನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಸುತ್ತಲೂ ಟೇಪ್ ಅಂಟಿಸಿದ್ದ. "ಈಗ ಬಿಚ್ಚಿದ್ರೆ ಧೂಳು ಕೂರುತ್ತೆ ಸಾರ್, ವಾರ್ನಿಶ್ ಇನ್ನೂ ಹಸಿ ಇದೆ" ಎಂದ. ಮೈಸೂರಿನ ಬಸ್ಸು ಹೊರಡುವುದರಲ್ಲಿತ್ತು. ನಾನು ಬಿಚ್ಚಲಿಲ್ಲ, ಎಣಿಸಲಿಲ್ಲ. ನಿಂತ ಜಾಗದಲ್ಲೇ ಫೋನಿನಲ್ಲಿ 7,600 ರೂಪಾಯಿ ಕಳಿಸಿಬಿಟ್ಟೆ. ಈ ಒಂದು ವಾಕ್ಯವನ್ನು ಬರೆಯುವುದೇ ನನಗೆ ಕಷ್ಟವಾಗುತ್ತಿದೆ.

ಮನೆಯಲ್ಲಿ ಮಗಳ ಎದುರಿಗೇ ಮೊದಲನೆಯದನ್ನು ಬಿಚ್ಚಿದೆ. ಅದಕ್ಕೆ ಮುಖವಿರಲಿಲ್ಲ. ಕಣ್ಣಿನ ಗುಳಿ, ಹಲ್ಲಿನ ಸಾಲು, ಪಕ್ಕೆಲುಬುಗಳ ನಡುವಿನ ಸಂದು ಎಲ್ಲವನ್ನೂ ದಪ್ಪನೆಯ ಸ್ಪ್ರೇ ಬಣ್ಣ ಮುಚ್ಚಿಹಾಕಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ನಾನು ಬೇಸ್‌ಕೋಟ್ ಹಾಕಿ ಕೊಟ್ಟಿದ್ದ ಒಂಬತ್ತರ ಸ್ಥಿತಿಯಂತೂ ಹೇಳತೀರದು: ಕತ್ತಿಗಳು ಜೋತುಬಿದ್ದಿದ್ದವು, ತಲೆಬುರುಡೆಗಳು ಚೀಪಿ ಉಗಿದ ಬಟಾಣಿಯಂತೆ ನುಣ್ಣಗಾಗಿದ್ದವು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಥಿನ್ನರ್‌ನಲ್ಲಿ ಮುಳುಗಿಸಿದರೆ ಹೀಗಾಗುತ್ತದೆ, ಏಕೆಂದರೆ ಅದು ಬಣ್ಣದ ಜೊತೆಗೆ ಪಾಲಿಸ್ಟೈರೀನನ್ನೂ ಕರಗಿಸುತ್ತದೆ. ನಾವು ಭಾಗಗಳನ್ನು ಜೋಡಿಸಲು ಹಚ್ಚುವ ಪ್ಲಾಸ್ಟಿಕ್ ಅಂಟು ಕೂಡ ಇದೇ ರೀತಿ ಎರಡು ಮೈಗಳನ್ನೂ ಸ್ವಲ್ಪ ಕರಗಿಸಿಯೇ ಬೆಸೆಯುತ್ತದೆ, ಬೊಂಬೆ ಕಟ್ಟಿದ ಯಾರಿಗೂ ಇದು ಗೊತ್ತು. ಇದರ ಮೇಲೆ ಮಳೆಯ ತೇವದಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದ್ದರಿಂದ ಎಲ್ಲದರ ಮೇಲೂ ಬಿಳಿಯ ಮಸುಕು ಕೂತಿತ್ತು. ಎಣಿಸಿದರೆ 23 ಇದ್ದವು. ಮಗಳು ಏನೂ ಹೇಳದೆ ಟಿಶ್ಯೂ ಕಾಗದಗಳನ್ನು ಮಡಿಸಿಡತೊಡಗಿದಳು.

ರಾತ್ರಿಯೇ ಫೋಟೊ ತೆಗೆದು ಕಳಿಸಿದೆ. "ಲೈಟಿಂಗ್ ಪ್ರಾಬ್ಲಮ್ ಸಾರ್, ಬೆಳಿಗ್ಗೆ ಬಿಸಿಲಲ್ಲಿ ನೋಡಿ" ಎಂಬ ಉತ್ತರ ಬಂತು. ಬೆಳಿಗ್ಗೆ ಬಿಸಿಲಿನಲ್ಲಿಟ್ಟು ತೆಗೆದು ಕಳಿಸಿದೆ. "ಇದು ಟೇಬಲ್‌ಟಾಪ್ ಕ್ವಾಲಿಟಿ ಸಾರ್, ಡಿಸ್‌ಪ್ಲೇ ಕ್ವಾಲಿಟಿಗೆ ರೇಟ್ ಬೇರೆ" ಎಂದ. ಟೇಬಲ್‌ಟಾಪ್ ಮಟ್ಟವೆಂದರೆ ಆಟದ ಮೇಜಿನ ಮೇಲೆ ಎರಡು ಮೂರು ಅಡಿ ದೂರದಿಂದ ನೋಡಿದಾಗ ಚೊಕ್ಕಟವಾಗಿ ಕಾಣುವ ಕೆಲಸ. ಮುಖವೇ ಇಲ್ಲದ ಬೊಂಬೆಗೆ ಆ ಹೆಸರು ಸಲ್ಲುವುದಿಲ್ಲ. ಕತ್ತಿಗಳ ಬಗ್ಗೆ ಕೇಳಿದ್ದಕ್ಕೆ, "ಬಸ್ಸಲ್ಲಿ ಸೆಕೆಗೆ ಬಾಗಿರ್ಬೇಕು, ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡ್ಕೊಳಿ" ಎಂದ. ಪಾಲಿಸ್ಟೈರೀನ್ ಮೆತ್ತಗಾಗಲು ಹೆಚ್ಚುಕಡಿಮೆ 100 ಡಿಗ್ರಿ ಶಾಖ ಬೇಕು. ಸಂಜೆಯ ಹೊತ್ತಿನಲ್ಲಿ ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು ಬಂದ ಬಸ್ಸಿನಲ್ಲಿ ಅಂಥ ಶಾಖ ಎಲ್ಲಿಂದ ಬರಬೇಕು? ಬಾಗಿದ ಕತ್ತಿಯನ್ನಾದರೂ ಹೇಗೋ ಸರಿಮಾಡಬಹುದು, ಕರಗಿಹೋದ ಹಲ್ಲುಗಳನ್ನು ಯಾವ ನೀರೂ ಮರಳಿ ಕೊಡುವುದಿಲ್ಲ. ಒಂದು ಬೊಂಬೆ ಕಡಿಮೆಯಿದೆ ಎಂದಾಗ ಬಂದದ್ದು, "ನೀವೇ ಎಣಿಸ್ಕೊಂಡು ತಗೊಂಡ್ರಲ್ಲ." ನಾನು ಎಣಿಸಿರಲಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಮುಂಗಡದಲ್ಲಿ ಅರ್ಧವನ್ನಾದರೂ ಹಿಂದಿರುಗಿಸಿ ಎಂದು ಕೇಳಿದಾಗ, ಅಲ್ಲಿಯವರೆಗೆ ಸಾರ್ ಎನ್ನುತ್ತಿದ್ದವನು, "ಇಷ್ಟುದ್ದದ ಗೊಂಬೆಗೆ ಇಷ್ಟು ರಾದ್ಧಾಂತ ಯಾಕಣ್ಣ?" ಎಂದು ಬರೆದ. ಅದು ಅವನ ಕೊನೆಯ ಉತ್ತರ.

ಇಷ್ಟಾದ ಮೇಲೆ ಹಳೆಯ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಮಗಳು ಚಿಕ್ಕವಳಿದ್ದಾಗ ನನ್ನ ಬಾವುಟದ ಬೊಂಬೆಯನ್ನು ಕೆಡವಿ ಅದರ ಕೋಲು ಮುರಿದಿತ್ತು, ತುದಿಯ ಪುಟ್ಟ ಬುರುಡೆ ಎಲ್ಲೋ ಕಳೆದುಹೋಗಿತ್ತು. ಕೈ ಡ್ರಿಲ್‌ನಿಂದ ಮುಷ್ಟಿಯಲ್ಲಿ ತೂತು ಕೊರೆದು ಒಂದು ಮಿಲಿಮೀಟರ್ ಹಿತ್ತಾಳೆ ತಂತಿಯ ಕೋಲನ್ನು ನಾನೇ ಕೂರಿಸಿದ್ದೆ. ಅವನು ಕಳಿಸಿದ್ದ ಫೋಟೊದಲ್ಲಿ ಕೋಲು ಪ್ಲಾಸ್ಟಿಕ್‌ನದು, ತುದಿಯಲ್ಲಿ ಬುರುಡೆಯೂ ಇದೆ. ಅದು ನನ್ನ ಬೊಂಬೆಯೇ ಅಲ್ಲ. ಬೇರೆ ಯಾರದೋ ಬೊಂಬೆಯ ಚಿತ್ರ, ಬಹುಶಃ ಬೇರೆ ಯಾರದೋ ಕೆಲಸ. ನಾನು ನನ್ನ ಕೈಯಾರೆ ಮಾಡಿದ ಕೋಲು ಅಲ್ಲಿಲ್ಲ ಎಂಬುದನ್ನೂ ಗಮನಿಸದೆ ಧನ್ಯವಾದ ಹೇಳಿದ್ದೆ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ಇದು ಚುಚ್ಚುತ್ತಿದೆ, ಆ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ.

ಕರಗದೆ ಉಳಿದ ಹದಿನಾಲ್ಕನ್ನು ಐಸೊಪ್ರೊಪೈಲ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜುತ್ತಿದ್ದೇನೆ. ಆ ಬಣ್ಣ ಅಷ್ಟು ಸುಲಭವಾಗಿ ಬಿಡುತ್ತಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಈ ದಸರೆಗೆ ರಾಗಿ ಪೈರಿನ ಪಾರ್ಕ್ ಮಾತ್ರ ಇತ್ತು.

ಕೊಡಲೇಬೇಕಾದವರಿಗೆ ಇಷ್ಟು ಹೇಳುತ್ತೇನೆ. ಮೊದಲು ಒಂದೇ ಒಂದು ಬೊಂಬೆ ಕೊಟ್ಟು ನೋಡಿ. ಪ್ರತಿಯೊಂದರ ಬೇಸ್‌ನ (ಬೊಂಬೆ ನಿಲ್ಲುವ ಪೀಠದ) ಅಡಿಯಲ್ಲಿ ನಿಮ್ಮ ಗುರುತು ಕೊರೆದಿಡಿ, ಫೋಟೊ ಕೇಳುವಾಗ ಆ ಗುರುತು ಕಾಣುವಂತೆ ಕೇಳಿ. ಹಳೆಯ ಬಣ್ಣ ಯಾವುದರಿಂದ ತೆಗೆಯುತ್ತೀರಿ ಎಂದು ಕೇಳಿ, ಥಿನ್ನರ್ ಎಂಬ ಮಾತು ಬಂದರೆ ಡಬ್ಬಿ ಎತ್ತಿಕೊಂಡು ಎದ್ದುಬನ್ನಿ. ವಾರ್ನಿಶ್ ಹಸಿ ಇದೆ ಎನ್ನುವವನಿಗೆ, ಒಣಗಿದ ಮೇಲೆ ಬರುತ್ತೇನೆ, ಹಣವೂ ಆಗಲೇ ಎಂದು ಹೇಳಿ.

ಬಾರದೆ ಉಳಿದದ್ದು ಆ ಬಾವುಟದ ಬೊಂಬೆಯೇ. ಬೇಸ್‌ನ ಅಡಿಯಲ್ಲಿ ಸೂಜಿಯಿಂದ 17 ಎಂದು ಕೊರೆದಿದ್ದೇನೆ, ಕೋಲು ಹಿತ್ತಾಳೆಯದು. ಯಾರಾದರೂ ಅದನ್ನು ನಿಮಗೆ ಮಾರಲು ಬಂದರೆ ದಯವಿಟ್ಟು ನನಗೆ ತಿಳಿಸಿ.