ಹೇಗ್ ಕೋರ್ಟಿನ ವಿಚಾರಣೆ ದಾಖಲೆಗಳು: ಬಿಟ್ಟಿ ಸಿಗುತ್ತವೆ, ಬಿಡದೆ ಓದಿ

ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯ ತನ್ನ ವಿಚಾರಣೆಯ ಮಾತುಗಳನ್ನು ಅಕ್ಷರಕ್ಕೆ ಅಕ್ಷರ ಬರೆಸಿ ವೆಬ್‌ಸೈಟಿಗೆ ಹಾಕುತ್ತದೆ. ದುಡ್ಡು ಕೊಡಬೇಕಿಲ್ಲ. ದೇಶ ದೇಶಗಳ ಜಗಳದಲ್ಲಿ ವಿಜ್ಞಾನಿಯೊಬ್ಬರನ್ನು ಸಾಕ್ಷಿಕಟ್ಟೆ ಹತ್ತಿಸಿದರೆ ಏನಾಗುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ತೀರ್ಪು ಮಾತ್ರ ಓದಿದರೆ ಸಾಲದು, ಅಲ್ಲಿ ತಜ್ಞರು ಆಡಿದ್ದೆಲ್ಲ ನಾಲ್ಕು ಸಾಲಿಗೆ ಇಳಿದಿರುತ್ತದೆ.

ಮೊದಲು ತಿಮಿಂಗಿಲದ ಕೇಸ್ ತೆಗೆಯಿರಿ. ಆಸ್ಟ್ರೇಲಿಯಾ ಜಪಾನ್ ಮೇಲೆ ಹಾಕಿದ್ದು, 2013ರ ಜೂನ್-ಜುಲೈನಲ್ಲಿ ವಾದ ನಡೆಯಿತು. ಸಂಶೋಧನೆಗೆ ಅಂತ ವರ್ಷಕ್ಕೆ ಸುಮಾರು 850 ಮಿಂಕೆ, 50 ಫಿನ್, 50 ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲ ಹಿಡಿಯುವುದು ಜಪಾನಿನ ಆಗಿನ ಯೋಜನೆ. ಈ ಲೆಕ್ಕ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. ಜಪಾನ್ ಕರೆತಂದ ತಜ್ಞ ನಾರ್ವೆಯ ಲಾರ್ಸ್ ವಾಲ್ಲೋ. ಸ್ಯಾಂಪಲ್ ಸಂಖ್ಯೆ ಹೇಗೆ ಬಂತು ಅಂತ ಜಪಾನಿನ ವಿಜ್ಞಾನಿಗಳು ಯಾವಾಗಲೂ ಸ್ಪಷ್ಟವಾಗಿ ಬಿಡಿಸಿ ಹೇಳಿಲ್ಲ ಅಂತ ಅವರೇ ಕೋರ್ಟಿನಲ್ಲಿ ಹೇಳಿದರು. ಕರೆತಂದವರಿಗೆ ಇದು ಕಷ್ಟದ ಮಾತು. ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಜಾಸ್ತಿಯಾಯಿತು. 2014ರ ಮಾರ್ಚ್ 31ರಂದು 12-4 ಮತದಿಂದ ಜಪಾನ್ ವಿರುದ್ಧ ಬಂದ ತೀರ್ಪಿನಲ್ಲಿ ಈ ಮಾತು ಹಾಗೇ ಕೂತಿದೆ.

ಆಮೇಲೆ ಉರುಗ್ವೆ ನದಿಯ ಪಲ್ಪ್ (ಕಾಗದಕ್ಕೆ ಬೇಕಾದ ಮರದ ತಿರುಳು) ಕಾರ್ಖಾನೆ ಕೇಸ್ ಓದಿ. ಅರ್ಜೆಂಟೀನಾ, ಉರುಗ್ವೆ ಎರಡೂ ತಮ್ಮ ವಿಜ್ಞಾನಿಗಳನ್ನು ವಕೀಲರ ಸಾಲಿನಲ್ಲೇ ನಿಲ್ಲಿಸಿ ಮಾತಾಡಿಸಿದವು. ವಕೀಲರಿಗೆ ಪಾಟೀಸವಾಲು ಇರುವುದಿಲ್ಲ ಅಲ್ವಾ, ಹಾಗಾಗಿ ನೀರಿನ ಗುಣಮಟ್ಟದ ಬಗ್ಗೆ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಹೇಳಿ ಕೂತರು, ಯಾರ ಮಾತು ಎಷ್ಟು ಗಟ್ಟಿ ಅಂತ ಪರೀಕ್ಷಿಸುವವರೇ ಇರಲಿಲ್ಲ. ಎರಡೂ ದೇಶದವರು ಇವರನ್ನು ತಜ್ಞ ಸಾಕ್ಷಿಗಳಾಗಿ ಕರೆತಂದಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು ಅಂತ 2010ರ ತೀರ್ಪಿನಲ್ಲಿ ಕೋರ್ಟೇ ಹೇಳಿತು. ತಿಮಿಂಗಿಲದ ಕೇಸಿನಲ್ಲಿ ತಜ್ಞರಿಗೆ ಪಾಟೀಸವಾಲು ಇತ್ತು, ಇಲ್ಲಿ ಇರಲಿಲ್ಲ; ಈ ಎರಡು ಕೇಸನ್ನು ಒಂದರ ಪಕ್ಕ ಒಂದು ಇಟ್ಟು ಓದಿದಾಗ ನನಗೆ ಪಾಟೀಸವಾಲಿನ ಬೆಲೆ ಗೊತ್ತಾಯಿತು.

ಕೋರ್ಟೇ ತಜ್ಞರನ್ನು ನೇಮಿಸಿಕೊಳ್ಳುವುದೂ ಉಂಟು, ಆಗ ಅವರ ಖರ್ಚು ಕೋರ್ಟಿನ ನಿಧಿಯಿಂದ. 1946ರಲ್ಲಿ ಅಲ್ಬೇನಿಯಾ ಕರಾವಳಿಯ ಪಕ್ಕ ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಮೈನ್ (ಸಮುದ್ರದಲ್ಲಿ ಅಡಗಿಸಿಟ್ಟ ಸ್ಫೋಟಕ) ತಗುಲಿದ ಕಾರ್ಫು ಜಲಸಂಧಿ ಕೇಸಿನಲ್ಲಿ ನಾರ್ವೆ, ಸ್ವೀಡನ್, ನೆದರ್ಲೆಂಡ್ಸ್‌ನ ನೌಕಾ ಅಧಿಕಾರಿಗಳನ್ನು ನೇಮಿಸಿದರು. ಅವರು ಸುಮ್ನೆ ನಕ್ಷೆ ನೋಡಿ ಕೂರಲಿಲ್ಲ. 1949ರ ಜನವರಿಯಲ್ಲಿ ಅಲ್ಬೇನಿಯಾದ ಕರಾವಳಿಗೇ ಹೋದರು, ರಾತ್ರಿ ಹೊತ್ತು ಹಡಗು ಹೋದರೆ ದಡದ ಮಠದ ಹತ್ತಿರ ನಿಂತವರಿಗೆ ಗೊತ್ತಾಗುತ್ತದಾ ಅಂತ ಪರೀಕ್ಷೆ ಮಾಡಿ ನೋಡಿದರು. ಅಲ್ಬೇನಿಯಾಕ್ಕೆ ಗೊತ್ತಾಗದೆ ಮೈನ್ ಹಾಕಿರಲು ಸಾಧ್ಯವಿಲ್ಲ ಅಂತ ಕೋರ್ಟ್ ತೀರ್ಮಾನಿಸಲು ಈ ವರದಿ ದೊಡ್ಡ ಆಧಾರ.

ಇಂಗ್ಲಿಷ್, ಫ್ರೆಂಚ್ ಎರಡೇ ಭಾಷೆ, ಪುಟಗಳೂ ಬಹಳ. ಆದರೂ ನನ್ನ ಕಡೆಯಿಂದ ಐದಕ್ಕೆ ಐದು. ಒಂದು ಕಿವಿಮಾತು: ಪ್ರತಿ ದಿನದ ದಾಖಲೆಯ ಮೊದಲಿಗೆ ಎರಡೂ ತಂಡದವರ ಪಟ್ಟಿ ಇರುತ್ತದೆ. ವಿಜ್ಞಾನಿಯ ಹೆಸರಿನ ಮುಂದೆ ತಜ್ಞ ಅಂತಿದೆಯೋ ವಕೀಲ ಅಂತಿದೆಯೋ ನೋಡಿಕೊಂಡೇ ಮುಂದಕ್ಕೆ ಹೋಗಿ.