ಕಲಬುರಗಿಯ ಖರ್ಚಿಗೆ ಯಾವ ಕ್ರೆಡಿಟ್ ಕಾರ್ಡ್? ರುಪೇ, ಅಮೆಜಾನ್ ಪೇ, ಪೆಟ್ರೋಲ್ ಕಾರ್ಡ್ ಬಗ್ಗೆ ನನ್ನ ಅನಿಸಿಕೆ

ನೇರವಾಗಿ ಹೇಳಿಬಿಡುತ್ತೇನೆ. ಕಲಬುರಗಿಯಲ್ಲಿದ್ದು ಒಂದೇ ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳೋದಾದರೆ ಅದು ಯುಪಿಐಗೆ ಜೋಡಿಸೋಕೆ ಬರುವ ರುಪೇ (ವೀಸಾ, ಮಾಸ್ಟರ್‌ಕಾರ್ಡ್‌ನಂಥದ್ದೇ ನಮ್ಮ ದೇಶದ ಕಾರ್ಡ್ ನೆಟ್‌ವರ್ಕ್) ಕಾರ್ಡ್ ಆಗಿರಲಿ. ಯಾರದೋ ವಿಡಿಯೋ ನೋಡಿ ಏರ್‌ಪೋರ್ಟ್ ಲೌಂಜ್ ಇರುವ ದುಬಾರಿ ಕಾರ್ಡ್ ತಗೊಳ್ಳುವವರು ನಮ್ಮ ಕಡೆಯೂ ಇದ್ದಾರೆ. ಆದರೆ ನಾವು ಬೆಂಗಳೂರಿಗೆ ಹೋಗೋದು ಉದ್ಯಾನ್ ಎಕ್ಸ್‌ಪ್ರೆಸ್‌ಗೆ, 2024ರಲ್ಲಿ ಶುರುವಾದ ವಂದೇ ಭಾರತ್‌ಗೆ, ಇಲ್ಲಾ ರಾತ್ರಿ ಬಸ್ಸಿಗೆ. ವರ್ಷಕ್ಕೆ ಒಂದು ಸಲ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು ಲೌಂಜ್ ಆಸೆಗೆ ಸಾವಿರಾರು ರೂಪಾಯಿ ಶುಲ್ಕ ಯಾಕೆ ಕಟ್ಟಬೇಕು?

ಕಾರ್ಡ್ ಹುಡುಕುವ ಮೊದಲು ನಿಮ್ಮ ಯುಪಿಐ ಆ್ಯಪ್ ತೆಗೆದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ನೋಡಿ. ಕಿರಾಣಿ ಎಷ್ಟು, ಪೆಟ್ರೋಲ್ ಎಷ್ಟು, ಜೆಸ್ಕಾಂ ಕರೆಂಟ್ ಬಿಲ್ ಎಷ್ಟು, ಆನ್‌ಲೈನ್ ಖರೀದಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ಮನೆಯ ಲೆಕ್ಕದಲ್ಲಿ ಮುಕ್ಕಾಲು ಪಾಲು ಖರ್ಚು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದೇ. ಕಾರ್ಡ್ ಉಜ್ಜುವ ಮಷೀನ್ ನಮಗೆ ಸಿಗೋದು ಮಾಲ್‌ನಲ್ಲಿ, ದೊಡ್ಡ ಬಟ್ಟೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅಷ್ಟೇ. ಹಾಗಾಗಿ ಕ್ಯೂಆರ್‌ನಲ್ಲಿ ಓಡದ ಕಾರ್ಡ್ ಜೇಬಲ್ಲಿದ್ದೂ ಇಲ್ಲದಂತೆ.

ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಆರ್‌ಬಿಐ ಒಪ್ಪಿದ್ದು 2022ರಲ್ಲಿ, ಅದೂ ರುಪೇ ಕಾರ್ಡಿಗೆ. ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡ್ ಹಾಗೆ ಜೋಡಿಸೋಕೆ ಆಗಲ್ಲ. 2024ರ ಸೆಪ್ಟೆಂಬರ್‌ನಿಂದ ದೊಡ್ಡ ಬ್ಯಾಂಕುಗಳು ಹೊಸ ಕಾರ್ಡ್ ಕೊಡುವಾಗ ಯಾವ ನೆಟ್‌ವರ್ಕ್ ಬೇಕು ಅಂತ ಗ್ರಾಹಕರನ್ನೇ ಕೇಳಬೇಕು. ಅವರು ಕೇಳದಿದ್ದರೆ ನೀವೇ ಬಾಯಿಬಿಟ್ಟು ರುಪೇ ಬೇಕು ಅನ್ನಿ.

ಬಳಕೆ ಹೇಗಿದೆ? ಬಹಳ ಸಲೀಸು, ಆದರೆ ಎರಡು ಕಡೆ ತಡೆಯುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆಯ ತರಕಾರಿ ಗಾಡಿ, ಮಿರ್ಚಿ ಭಜ್ಜಿ ಅಂಗಡಿಗಳಲ್ಲಿ ಎಷ್ಟೋ ಸಲ ತಕ್ಕಡಿ ಪಕ್ಕ ಅಂಟಿಸಿರುವ ಕ್ಯೂಆರ್ ಮಾಲೀಕರ ಸ್ವಂತ ಖಾತೆಯದ್ದಾಗಿರುತ್ತದೆ, ವ್ಯಾಪಾರದ್ದಲ್ಲ. ಅಲ್ಲಿ ಸ್ಕ್ಯಾನ್ ಮಾಡಿದರೆ ಉಳಿತಾಯ ಖಾತೆ ಮಾತ್ರ ಆರಿಸಲು ಬರುತ್ತದೆ, ರುಪೇ ಕಾರ್ಡ್ ಮಂಕಾಗಿ ಕಾಣುತ್ತದೆ, ಒತ್ತಿದರೂ ಆಗಲ್ಲ. ಒಬ್ಬರಿಂದ ಒಬ್ಬರಿಗೆ ಹಣ ಕಳಿಸಲು ಈ ಕಾರ್ಡ್ ಬಳಸುವಂತಿಲ್ಲ, ಅದಕ್ಕೇ ಹಾಗೆ. ಇನ್ನೊಂದು ತಡೆ ದೊಡ್ಡ ಮೊತ್ತದ್ದು. ಸಣ್ಣ ಅಂಗಡಿಯವರಿಗೆ 2,000 ರೂಪಾಯಿವರೆಗೆ ಏನೂ ಕಡಿತ ಇಲ್ಲ, ಅದಕ್ಕಿಂತ ಮೇಲೆ ಹೋದರೆ ಅವರ ಕೈಗೆ ಬರುವ ಹಣದಲ್ಲಿ ಸ್ವಲ್ಪ ಕಡಿತವಾಗುತ್ತದೆ. ಅದಕ್ಕೇ ಗಂಜ್ ಮಾರುಕಟ್ಟೆಯಲ್ಲಿ ತಿಂಗಳ ತೊಗರಿಬೇಳೆ, ಎಣ್ಣೆ ಎಲ್ಲಾ ಕಟ್ಟಿಸಿ ಬಿಲ್ 3,000 ದಾಟಿದಾಗ ಅಂಗಡಿಯವರು "ಕ್ರೆಡಿಟ್ ಕಾರ್ಡ್ ಬ್ಯಾಡ್ರಿ ಸರ, ಅಕೌಂಟಿಂದ ಹಾಕ್ರಿ" ಅಂದುಬಿಡುತ್ತಾರೆ. ಅವರ ಲಾಭವೇ ಕಡಿಮೆ, ನಾನು ಒತ್ತಾಯ ಮಾಡಲ್ಲ. ಕಾರ್ಡ್ ತಗೊಳ್ಳುವಾಗ ಇನ್ನೊಂದು ವಿಷಯ ವಿಚಾರಿಸಿ: ಯುಪಿಐ ಮೂಲಕ ಮಾಡಿದ ಖರ್ಚಿಗೆ ರಿವಾರ್ಡ್ ಪಾಯಿಂಟ್ ಕೊಡುತ್ತಾರಾ ಅಂತ. ಕೆಲವು ಕಾರ್ಡ್‌ಗಳಲ್ಲಿ ಕೊಡಲ್ಲ, ಕೆಲವದರಲ್ಲಿ ಅರ್ಧ ಕೊಡುತ್ತಾರೆ.

ಎರಡನೇ ಕಾರ್ಡ್ ಅಮೆಜಾನ್ ಪೇ ಐಸಿಐಸಿಐ. ವಾರ್ಷಿಕ ಶುಲ್ಕವೇ ಇಲ್ಲ. ಅಮೆಜಾನ್‌ನಲ್ಲಿ ಪ್ರೈಮ್ ಸದಸ್ಯತ್ವ ಇದ್ದವರಿಗೆ ಶೇ 5, ಇಲ್ಲದವರಿಗೆ ಶೇ 3 ವಾಪಸ್. ಪಾಯಿಂಟ್ ಲೆಕ್ಕದ ತಲೆನೋವಿಲ್ಲ, ಹಣ ನೇರ ಅಮೆಜಾನ್ ಪೇ ಬ್ಯಾಲೆನ್ಸ್‌ಗೆ ಬರುತ್ತದೆ. ಇದು ನನಗೆ ಬಹಳ ಹಿಡಿಸಿದೆ. ಪೆಟ್ರೋಲಿಗೆ, ಚಿನ್ನಕ್ಕೆ ಏನೂ ಬರಲ್ಲ, ಸರಾಫ್ ಬಜಾರಿಗೆ ಹೋಗುವವರು ನೆನಪಿಡಿ.

ಪೆಟ್ರೋಲ್ ಕಾರ್ಡ್ ಬಗ್ಗೆ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ, ಅದಕ್ಕೆ ಲೆಕ್ಕ ಸಮೇತ ಬರೆಯುತ್ತೇನೆ. ಉದಾಹರಣೆಗೆ ಬಿಪಿಸಿಎಲ್ (ಭಾರತ್ ಪೆಟ್ರೋಲಿಯಂ) ಎಸ್‌ಬಿಐ ಕಾರ್ಡ್ ನೋಡಿ. ಬಿಪಿಸಿಎಲ್ ಬಂಕಿನಲ್ಲಿ ಶೇ 4.25 ಲಾಭ ಅಂತ ಜಾಹೀರಾತು. ಅದರಲ್ಲಿ ಶೇ 1 ಅನ್ನೋದು ಸರ್‌ಚಾರ್ಜ್ ಮಾಫಿ, ಅಂದರೆ ಕಾರ್ಡ್ ಬಳಸಿದ್ದಕ್ಕೆ ಹಾಕುವ ಹಣವನ್ನೇ ವಾಪಸ್ ಕೊಡೋದು. ನಿಜವಾಗಿ ಉಳಿಯೋದು ಶೇ 3.25. ತಿಂಗಳಿಗೆ 3,000 ರೂಪಾಯಿ ಪೆಟ್ರೋಲ್ ಹಾಕಿಸುವವರಿಗೆ ವರ್ಷಕ್ಕೆ 1,170 ರೂಪಾಯಿ ಬಂತು. ಶುಲ್ಕ 499, ಜಿಎಸ್‌ಟಿ ಸೇರಿ 589. ಕೈಗೆ ಸುಮಾರು 580 ಉಳೀತು, ಪರವಾಗಿಲ್ಲ. ಆದರೆ ಸ್ಕೂಟಿಗೆ ತಿಂಗಳಿಗೆ 800 ರೂಪಾಯಿ ಹಾಕಿಸುವವರಿಗೆ ವರ್ಷಕ್ಕೆ ಬರೋದು 312 ಮಾತ್ರ. ವರ್ಷಕ್ಕೆ 50,000 ಖರ್ಚು ತೋರಿಸಿದರೆ ಶುಲ್ಕ ಮಾಫಿ ಅಂತ ಇದೆ, ಆ ಗುರಿ ಮುಟ್ಟೋಕೆ ಅಂತ ಬೇಡದ್ದೆಲ್ಲ ಕೊಳ್ಳೋದು ಯಾರಿಗೂ ಬೇಡ.

ಈಗ ಬಡ್ಡಿ. ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಮೇಲಿನ ಲಾಭ ಎಲ್ಲ ಅನ್ವಯ. ಹಲವು ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.75ರವರೆಗೆ ಇದೆ. 20,000 ಬಿಲ್‌ಗೆ ಬ್ಯಾಂಕ್ ಹೇಳುವ ಮಿನಿಮಮ್ ಮೊತ್ತ ಅಂತ 1,000 ಕಟ್ಟಿ ಸುಮ್ನಾದರೆ, ಉಳಿದ 19,000ಕ್ಕೆ ಒಂದು ತಿಂಗಳಿಗೆ ಜಿಎಸ್‌ಟಿ ಸೇರಿ ಹೆಚ್ಚುಕಡಿಮೆ 840 ರೂಪಾಯಿ ಬಡ್ಡಿ. ಅಷ್ಟೇ ಅಲ್ಲ, ಬಾಕಿ ತೀರುವವರೆಗೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಈ ಕಾರ್ಡ್ ಹಾಕಿ ನಗದು ತೆಗೆಯಲೇಬೇಡಿ, ಅದಕ್ಕೆ ಒಂದು ದಿನದ ಬಡ್ಡಿ ವಿನಾಯಿತಿಯೂ ಇಲ್ಲ.

ಊರಲ್ಲಿ ಹೊಲ ಇರುವ ಅಣ್ಣತಮ್ಮಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ತೊಗರಿ ರಾಶಿ ಆಗೋದು ಡಿಸೆಂಬರ್, ಜನವರಿಯಲ್ಲಿ. ಜೂನ್‌ನಲ್ಲಿ ಬೀಜ ಗೊಬ್ಬರ ಕಾರ್ಡಿನಲ್ಲಿ ತಂದರೆ 45-50 ದಿನದಲ್ಲಿ ಬಿಲ್ ಕಟ್ಟಬೇಕು, ಆಗ ಬೆಳೆ ಇನ್ನೂ ಮೊಣಕಾಲೆತ್ತರ. ಅದಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4. ಕಿಸಾನ್ ಕಾರ್ಡಿನಲ್ಲಿ ವರ್ಷಕ್ಕೆ ಬೀಳುವ ಬಡ್ಡಿ, ಕ್ರೆಡಿಟ್ ಕಾರ್ಡಿನಲ್ಲಿ ಹೆಚ್ಚುಕಡಿಮೆ ಒಂದೇ ತಿಂಗಳಿಗೆ ಬೀಳುತ್ತದೆ!

ಸಂಬಳದ ಚೀಟಿ ಇಲ್ಲದ ಅಂಗಡಿಯವರಿಗೆ ಎಫ್‌ಡಿ ಇಟ್ಟು ಕೊಡುವ ಕಾರ್ಡ್ ಒಳ್ಳೆಯದು, ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಬ್ಯಾಂಕುಗಳು ನೋಡುವ ಸಿಬಿಲ್ ಸ್ಕೋರ್ ಕಟ್ಟಿಕೊಳ್ಳಲೂ ಆಗುತ್ತದೆ. ಸಂಬಳದವರು ಬಿಲ್ ಕಟ್ಟುವ ದಿನ ತಿಂಗಳ ಮೊದಲ ವಾರದಲ್ಲಿ ಬರುವಂತೆ ಬಿಲ್ಲಿಂಗ್ ದಿನ ಬದಲಿಸಿ ಅಂತ ಬ್ಯಾಂಕಿಗೆ ಕೇಳಿ. ಒಮ್ಮೆಯಾದರೂ ಬದಲಿಸುವ ಅವಕಾಶ ಕೊಡಲೇಬೇಕು ಅಂತ ಆರ್‌ಬಿಐ ನಿಯಮವೇ ಇದೆ.

ಮಾಲ್‌ನಲ್ಲಿ ಮೇಜು ಹಾಕಿಕೊಂಡು "ಲೈಫ್‌ಟೈಮ್ ಫ್ರೀ ಅದರೀ ಸರ" ಅನ್ನುವ ಹುಡುಗರು ಸಿಗುತ್ತಾರೆ. ಪಾಪ, ಅವರದ್ದು ಟಾರ್ಗೆಟ್ ಕೆಲಸ. ಆದರೆ ಮೊದಲ ವರ್ಷ ಮಾತ್ರ ಫ್ರೀಯಾ, ಎಲ್ಲಾ ವರ್ಷವೂ ಫ್ರೀಯಾ ಅಂತ ಬ್ಯಾಂಕಿನ ಕಾಗದದಲ್ಲೇ ಓದಿ ಸಹಿ ಹಾಕಿ. ಈಗಾಗಲೇ ಬೇಡದ ಕಾರ್ಡ್ ಇದ್ದವರು ಬಾಕಿ ತೀರಿಸಿ, ಮುಚ್ಚಿ ಅಂತ ಇಮೇಲ್‌ನಲ್ಲೇ ಕೇಳಿ, ದಾಖಲೆ ಇರುತ್ತದೆ. 7 ಕೆಲಸದ ದಿನದೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು.